ನಾನು ಡಕಾಯಿತನಾಗಿ ಸತ್ತದ್ದು

ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಖಾಕಿ ಕಳಚಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಎಲ್ಲಿ ಹೋದರೂ ಅದರಿಂದಲೇ ನಗೆಪಾಟಲಾಗುತ್ತೇನೆ.

ಆಯ್ಕೆ

ಕಾಪು ಕಡಲತೀರದಲ್ಲಿ ಹಿಂದಿ ಸಿನಿಮಾದ ಶೂಟಿಂಗ್ ಇತ್ತು. ಡಕಾಯಿತರು, ಪೊಲೀಸರು, ಢಂ ಢಂ. ನನಗೆ ಸಿನಿಮಾದ ಹುಚ್ಚಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಣ್ಣು ಮಂಜಾಗುತ್ತಿತ್ತು. ಇನ್ನೆಷ್ಟು ದಿನ ಕಂಡೀತು ಎಂದು ಮಣಿಪಾಲದ ಡಾಕ್ಟರೂ ಹೇಳಲಿಲ್ಲ.

"ಕಣ್ಣು ಹೋಗುವ ಮೊದಲು ನಿಮ್ಮನ್ನು ಒಮ್ಮೆ ದೊಡ್ಡ ಪರದೆಯಲ್ಲಿ ನೋಡಬೇಕು ಮಾರಾಯ್ರೆ," ಎಂದಳು. ಹೋದೆ.

ಪೊಲೀಸ್ ಪಾತ್ರ ಕೇಳಿದೆ. ಜನ ಒದಗಿಸುವ ಕಟಪಾಡಿಯ ಏಜೆಂಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಲ್ಲಿ ಪೊಲೀಸ್ ಕಳೆಯೇ ಇಲ್ಲ ಅಂಕಲ್. ಡಕಾಯಿತ ಆಗಿ," ಎಂದ. ಮೂವತ್ತೈದು ವರ್ಷದ ಸರ್ವಿಸ್ ಅಲ್ಲಿಗೆ ನೀರಲ್ಲಿ ಹೋಮ.

ಸೆಲ್ಯೂಟ್

ಜೊತೆಗೆ ಇನ್ನಿಬ್ಬರು ನಿವೃತ್ತ ಪೊಲೀಸರನ್ನೂ ಕರೆದೊಯ್ದಿದ್ದೆ, ಒಬ್ಬರು ಹಿರಿಯಡ್ಕದವರು, ಒಬ್ಬರು ಕಾರ್ಕಳದವರು. ಅವರೂ ಡಕಾಯಿತರಾದರು. ಮೂವರೂ ಬಂದೂಕು ಹಿಡಿದು ಬಂಡೆಯ ಹಿಂದೆ ಅಡಗಿದ್ದೆವು. ಎಸ್‌ಪಿ ವೇಷದ ನಾಯಕ ಜೀಪಿನಿಂದ ಇಳಿದ. ಮೂವರೂ ಎದ್ದು ಸೆಲ್ಯೂಟ್ ಹೊಡೆದೆವು!

ನಿರ್ದೇಶಕ ಹಿಂದಿಯಲ್ಲಿ ಬೈದ. ಎರಡನೇ ಸಲವೂ ಅದೇ ಆಯಿತು. ಅವನು ಮತ್ತೇನೋ ಕಿರುಚಿದ.

"ಎಂತ ಹೇಳಿದ್ದು?" ಎಂದೆ.

"ಜೀಪು ಬರುವ ಮೊದಲೇ ನಿಮ್ಮನ್ನು ಕೊಲ್ಲಬೇಕಂತೆ," ಎಂದ ಏಜೆಂಟ್.

ಸಾವು

ಕೊಲ್ಲುವ ಮೊದಲು ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದರು. ನಾನು ಏಜೆಂಟನನ್ನು ಹಿಡಿದು ನಿಲ್ಲಿಸಿದೆ.

"ಮುಖ ಕಾಣುವುದಿಲ್ಲವಲ್ಲ?"

"ಹೆಣಕ್ಕೆ ಎಂತ ಮುಖ ಅಂಕಲ್?"

ಬಿಸಿ ಮರಳಿನಲ್ಲಿ ಸತ್ತು ಬಿದ್ದುಕೊಂಡು, ಅವಳಿಗೆ ಏನು ಹೇಳುವುದು ಎಂದು ಯೋಚಿಸಿದೆ. ದುಃಖ ಒತ್ತರಿಸಿ ಬಂತು. ಮೈಕಿನಲ್ಲಿ ಏಜೆಂಟನ ದನಿ ಕೇಳಿಸಿತು: "ಎಡಗಡೆಯ ಹೆಣ ಅಳಬಾರದು!"

ಪರದೆ

ಸಿನಿಮಾ ಮಣಿಪಾಲಕ್ಕೆ ಬರುವ ಹೊತ್ತಿಗೆ ಅವಳಿಗೆ ಬರೀ ಆಕಾರಗಳು ಕಾಣುತ್ತಿದ್ದವು. ಮುಖ ಮುಚ್ಚಿದ ಸಂಗತಿ ನಾನು ಹೇಳಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಪರದೆಯ ಮೇಲೆ ಹತ್ತಾರು ಹೆಣಗಳು ಕೈಕಾಲು ಚೆಲ್ಲಿ ಬಿದ್ದಿದ್ದವು. ಬಾಯಿ ತೆರೆಯುವಷ್ಟರಲ್ಲಿ ಅವಳೇ ನನ್ನ ಕೈ ಹಿಡಿದಳು.

"ಎಡಗಡೆಯದು ನೀವಲ್ವಾ?"

"ಹೇಗೆ ಗೊತ್ತಾಯಿತು?"

"ಹಿಮ್ಮಡಿ ಜೋಡಿಸಿ, ಕೈ ನೆಟ್ಟಗೆ ಇಟ್ಟು, ಅಟೆನ್ಷನ್‌ನಲ್ಲಿ ಬೇರೆ ಯಾರು ಮಲಗುತ್ತಾರೆ? ಮದುವೆಯಾದಂದಿನಿಂದ ನೋಡ್ತಾ ಇದ್ದೇನಲ್ಲ!"

ನಾನು ಮೆಲ್ಲಗೆ ಅವಳ ಕೈ ಒತ್ತಿದೆ. ಅವಳು ಮಾತ್ರ ಇಡೀ ಥಿಯೇಟರಿಗೆ ಕೇಳುವಂತೆ ಗದರಿದಳು: "ಸತ್ತ ಮೇಲಾದರೂ ಡ್ಯೂಟಿ ಬಿಡಬಾರದಾ ಮಾರಾಯ್ರೆ?"