ನಾಯಿತಲೆ ಮಂತ್ರಿಯ ಉಪದೇಶ

ಹಿರಿಯರನ್ನು ನೆನೆಯುವ ಛಿಂಗ್‌ಮಿಂಗ್ ಹಬ್ಬದ ದಿನ ಗೋರಿ ಗುಡಿಸಿ ಮರಳುವಾಗ ಹಿಂದಿನಿಂದ ಯಾರು ಕರೆದರೂ ತಿರುಗಬಾರದು. ಫಾನ್ ಗುಯಿಸೆನ್ ತಿರುಗಿದ. ಇಪ್ಪತ್ತು ವರ್ಷ ಮನೆಅಳಿಯನಾಗಿ ಮಾವನ ಕೂಗಿಗೆ ತಿರುಗಿದ ಕುತ್ತಿಗೆ ಅದು, ಬೇರೆ ಅಭ್ಯಾಸ ಅದಕ್ಕಿರಲಿಲ್ಲ.

ಮನೆ ಸೇರುವಷ್ಟರಲ್ಲಿ ಹೊಸ್ತಿಲಾಚೆ ಮಾವ ನಿಂತಿದ್ದ. ಹುಬ್ಬಿನಲ್ಲಿ ಹಸಿ ಮಣ್ಣು, ಬರಿಗಾಲು. ಬಿಸಿಲಿದ್ದರೂ ನೆರಳಿಲ್ಲ. ಮಾತೂ ಇಲ್ಲ, ಬರೀ ನೋಟ. ಮುದುಕ ಸತ್ತ ಈ ಒಂದು ವರ್ಷವಷ್ಟೇ ಫಾನ್ ಮನೆಯಲ್ಲಿ ಯಜಮಾನನಾಗಿ ಮಲಗಿ ಎದ್ದಿದ್ದ. ತಂಗಿಯ ಮನೆಗೆ ಹೋದ ಹೆಂಡತಿ ಸಂಜೆ ಬಂದು ಅಪ್ಪನನ್ನು ಕಂಡರೆ ಮುಗಿಯಿತು, ಇಲ್ಲೇ ಇರಿಸಿಕೊಂಡುಬಿಡುತ್ತಾಳೆ!

ಪಕ್ಕದ ಮನೆಯ ಪಾಂಗ್ ಗೋಡೆಯ ಮೇಲಿಂದ ಇಣುಕಿದ. ಕೇಳದೆ ಸಲಹೆ ಕೊಟ್ಟು, ನಂಬಿದವರನ್ನು ಗುಂಡಿಗೆ ಹಾಕುವವರಿಗೆ ನಮ್ಮ ಕಡೆ ‘ನಾಯಿತಲೆ ಮಂತ್ರಿ’ ಎನ್ನುತ್ತೇವೆ, ಬೆನ್ನ ಹಿಂದೆ. ಪಾಂಗನಿಗೆ ದೆವ್ವದ ಹೆದರಿಕೆಗಿಂತ ಸಲಹೆಯ ಚಟ ದೊಡ್ಡದು.

“ಬರಿಗಾಲಲ್ಲಿ ವಾಪಸ್ ಹೆಂಗ್ ಹೋಗ್ತಾರಯ್ಯಾ? ಕಾಗದದ ಜೋಡು ಸುಡು, ಸುಟ್ಟದ್ದು ಸತ್ತವರಿಗೆ ಸೇರುತ್ತೆ!”

ಫಾನ್ ಅಂಗಡಿಗೆ ಓಡಿ ತಂದು ಸುಟ್ಟ. ಬೂದಿ ಹಾರಿತು, ಮಾವನ ಕಾಲಿಗೆ ಜೋಡು ಬಂತು. ಆತ ಟಪ್ ಟಪ್ ಎಂದು ಹೊಸ್ತಿಲು ದಾಟಿ ಒಳಗೆ ಬಂದ.

“ಅಯ್ಯೋ, ಒಳಗೇ ಬಂದ್ರಲ್ಲೋ!”

“ಕಾಲು ನೋಯ್ತಿರಬೇಕು. ಕುರ್ಚಿ ಸುಡು. ಸುಧಾರಿಸ್ಕೊಂಡು ಹೊರಡ್ತಾರೆ.”

ಕಾಗದದ ಕುರ್ಚಿ ಉರಿದದ್ದೇ ತಡ, ಮಾವ ಫಾನನ ಮಂಚದ ಪಕ್ಕ ಕುಳಿತ. ಖಾಲಿ ಗಾಳಿಯಲ್ಲಿ ಬಿದಿರು ಕುರ್ಚಿ ಕಿರ್ರೆಂದಿತು. ಬಟ್ಟಲಿನ ಬಿಸಿ ಚಹಾ ನೋಡನೋಡುತ್ತಲೇ ಹೆಪ್ಪುಗಟ್ಟಿತು.

“ಹೋಗ್ಲಿ, ಒಂದ್ ಹಾಸಿಗೆ...”

“ಬಾಯ್ಮುಚ್ಚೋ, ನಾಯಿತಲೆ ಮಂತ್ರಿ!” ಫಾನ್ ಮುಖದ ಮೇಲೆಯೇ ಅಂದುಬಿಟ್ಟ. ಮಾವನೆದುರು ಮಂಡಿಯೂರಿದ. “ಮಾವಾ, ಇದೆಲ್ಲ ಇವನದೇ ತಲೆ. ಇವನ ಮನೆಗೇ ಹೋಗಿ, ದಮ್ಮಯ್ಯ!”

ಮಾವ ಎದ್ದ. ಪಾಂಗ್ ಅವಮಾನ ಮರೆತು ಅರಳಿದ. ಹೊಸ ಗಿರಾಕಿ ಸಿಕ್ಕಿತ್ತಲ್ಲ! “ಬನ್ನಿ ಹಿರಿಯರೇ, ನಿಮ್ ಕಷ್ಟ ಏನು?” ಎನ್ನುತ್ತ ಕರೆದೊಯ್ದ. ಗೋಡೆಯಾಚೆ ಮಧ್ಯಾಹ್ನವೆಲ್ಲ ಅವನೊಬ್ಬನದೇ ದನಿ ಕೇಳಿಸಿತು, ಆಮೇಲೆ ಅದೂ ನಿಂತಿತು. ಫಾನ್ ನೆಮ್ಮದಿಯಿಂದ ಗೊರಕೆ ಹೊಡೆದ.

ಹೊತ್ತು ಇಳಿಯುವಾಗ ಯಾರೋ ಬಾಗಿಲು ಬಡಿದರು. ಹೆಂಡತಿಯೆಂದು ತೆರೆದರೆ ಮಾವ. ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿ ಬಿಟ್ಟ. ತುಟಿಯಿಂದ ಮಣ್ಣು ಉದುರಿತು.

“ನಿನ್ ಸ್ನೇಹಿತ ಭಾರೀ ಚುರುಕು ಕಣಯ್ಯಾ. ‘ಒಬ್ರೇ ಇದ್ರೆ ಅಳಿಯ ಓಡಿಸ್ತಾನೆ, ಮನೆಮಂದೀನೆಲ್ಲ ಕರ್ಕೊಂಡ್ ಹೋಗಿ’ ಅಂದ.”

ಅವನ ಹಿಂದೆ, ಗಲ್ಲಿಯ ತಿರುವಿನವರೆಗೂ, ಎಂದೋ ಸತ್ತವರ ಸಾಲು ಸದ್ದಿಲ್ಲದೆ ನಿಂತಿತ್ತು. ಎಲ್ಲರಿಗಿಂತ ಮುಂದಿದ್ದ ಅತ್ತೆ, ಬಾವಿಗಲ್ಲಿನಂತೆ ತಣ್ಣಗಿದ್ದ ಕೈಯಿಂದ ಫಾನನನ್ನು ಪಕ್ಕಕ್ಕೆ ಸರಿಸಿ ಕೋಣೆಯನ್ನೊಮ್ಮೆ ಅಳೆದು ನೋಡಿದಳು.

“ಅಳಿಯಂದ್ರೇ, ನೀವಿನ್ನು ಅಡಿಗೆಮನೇಲಿ ಮಲಗಿ” ಎಂದಳು.