ಜಾನ್ಸನ್‌ಗೆ ಇನಿಷಿಯಲ್ ಇರಲಿಲ್ಲ

ವರ್ಷಕ್ಕೊಂದು ಸಲ ನಾನು ನಗೆಪಾಟಲಾಗದೆ ನಮ್ಮ ಮನೆಯಲ್ಲಿ ಏಪ್ರಿಲ್ ತಿಂಗಳು ಮುಗಿಯೋದೇ ಇಲ್ಲ. ಯುಗಾದಿಯ ಬೇವು-ಬೆಲ್ಲದ ಬಟ್ಟಲು ತೊಳೆದಿಟ್ಟು ಒಂದಷ್ಟು ದಿನವಾಗಿರತ್ತೆ, ಅಷ್ಟು ಹೊತ್ತಿಗೆ ಡ್ರಾಫ್ಟು ಬಂದುಬಿಡತ್ತೆ. ಡ್ರಾಫ್ಟು ಅಂದರೆ ಇಲ್ಲಿನ, ಚೆಂಡು ಕೈಯಲ್ಲಿ ಹಿಡಿದು ಓಡೋ ಫುಟ್‌ಬಾಲಿನ ಟೀಮುಗಳೆಲ್ಲ ಸೇರಿ ಕಾಲೇಜು ಮುಗಿಸಿದ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳೋ ಕಾರ್ಯಕ್ರಮ. ಗುರುವಾರ ಸಂಜೆ ಟೀವಿಯಲ್ಲಿ ತೋರಿಸ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಕ್ಯಾಂಪ್‌ಬೆಲ್‌ನಲ್ಲಿ ನಾವು ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ಮೂರು ಮನೆಯವರು ಅವತ್ತು ಒಟ್ಟಿಗೆ ಸೇರ್ತೀವಿ: ನಾವು, ಮೂಳೆ ಡಾಕ್ಟರಾದ ಮೈಸೂರಿನವರು, ನನ್ನ ಹಾಗೆ ಕಂಪ್ಯೂಟರ್ ಚಿಪ್ಪಿನ ಕಂಪನಿಯಲ್ಲಿರೋ ಮಂಡ್ಯದವರು. ಈಗ ಮೂವರಿಗೂ ಬೇರೆ ಬೇರೆ ಮನೆಯಾಗಿದೆ, ಕೂದಲು ಹೋಗಿದೆ, ಆದರೂ ಸೇರೋದು ತಪ್ಪಿಲ್ಲ.

ನಮ್ಮೂರ ಟೀಮು ಯಾರನ್ನು ಆರಿಸತ್ತೆ ಅಂತ ಒಬ್ಬೊಬ್ಬರೂ ಚೀಟಿಯಲ್ಲಿ ಹೆಸರು ಬರೆದು ಸ್ಟೀಲ್ ಡಬ್ಬಿಯೊಳಗೆ ಹಾಕಬೇಕು. ಬಹುಮಾನ ಅಂತ ಏನೂ ಇಲ್ಲ. ಗೆದ್ದವರು ಮುಂದಿನ ಏಪ್ರಿಲ್‌ವರೆಗೂ ಕೊಚ್ಚಿಕೊಳ್ಳಬಹುದು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ನಾನು ಕೇಳೋದರಲ್ಲಿ ಪಳಗಿದವನು.

ಪಂದ್ಯ

ಹದಿನಾರು ವರ್ಷದ ಹಿಂದಿನ ಮಾತು, ನನ್ನ ಮಗಳಿಗೆ ಆಗ ಎಂಟು ವರ್ಷ. ಇಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹಾಗೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ‘ಊಟ ಆಯ್ತಾ ಪುಟ್ಟಿ’ ಅಂದರೆ ‘ಆಲ್‌ರೆಡಿ ಏಟ್’ ಅನ್ನೋಳು. ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ, ವಾರಾಂತ್ಯದ ಕನ್ನಡ ಕ್ಲಾಸಿಗೂ ಕಳಿಸಿದೆ. ಅಲ್ಲಿ ಅ ಆ ಇ ಈ ಕಲಿತಳು, ಬಾಯಿ ಮಾತ್ರ ಬಿಡಲಿಲ್ಲ.

ಆ ವರ್ಷ ಡ್ರಾಫ್ಟಿನ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಒಂದೇ ಒಂದು ದಿನ ಪೂರ್ತಿ ನನ್ನ ಜೊತೆ ಕನ್ನಡದಲ್ಲಿ ಮಾತಾಡು, ಸಾಕು’ ಅಂದೆ. ಅವಳು ಚಿಪ್ಸು ತಿನ್ನೋದನ್ನು ನಿಲ್ಲಿಸಿ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ನಿನ್ನ ಚೀಟಿ ಯಾವತ್ತು ಸರಿಯಾಗತ್ತೋ ಅದರ ಮಾರನೇ ದಿನ ಪೂರ್ತಿ ಕನ್ನಡವೇ ಮಾತಾಡ್ತೀನಿ, ಅಂತ ಇಂಗ್ಲಿಷಿನಲ್ಲಿ ಹೇಳಿದಳು.

ಡಾಕ್ಟರು ಸಾಕ್ಷಿ. ನಾನು ಖುಷಿಯಲ್ಲಿ ಅವಳ ಕೈ ಕುಲುಕಿದೆ. ಬೇರೆಯವರಿಗೆ ಅದು ಆಟವಿರಬಹುದು, ನನಗಾಗಿರಲಿಲ್ಲ. ನನ್ನ ಮಗಳು ನನ್ನ ಭಾಷೆಯಲ್ಲಿ ಬೆಳಗಿಂದ ಸಂಜೆವರೆಗೆ ನನ್ನ ಜೊತೆ ಮಾತಾಡಬೇಕು ಅನ್ನೋ ಆಸೆ ಎಷ್ಟಿತ್ತು ಅಂದರೆ, ಅವತ್ತು ಚೀಟಿ ಮಡಿಸುವಾಗ ದೇವರಿಗೆ ಕೈ ಮುಗಿದೆ. ನಾನು ಬರೆದ ಹುಡುಗನನ್ನು ನಮ್ಮ ಟೀಮಿಗಿಂತ ಮೊದಲೇ ಬೇರೆಯವರು ಎತ್ತಿಕೊಂಡು ಹೋದರು.

ಮಲಗಿಸುವಾಗ, ‘ಯಾಕೆ ಪುಟ್ಟಿ ಇಂಥಾ ಪಂದ್ಯ ಕಟ್ಟಿದೆ’ ಅಂತ ಕೇಳಿದೆ. ಎಂಟು ವರ್ಷದ ಕೂಸು ನನ್ನ ಭುಜ ತಟ್ಟಿ, ನಿನ್ನ ಹಿಂದಿನ ಚೀಟಿಗಳನ್ನೆಲ್ಲ ನೋಡೇ ಕಟ್ಟಿದ್ದು ಅಂದಿತು.

ಡಾಕ್ಟರ ಕಣ್ಣು

ಮೂಳೆ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟಗಾರರನ್ನು ನೋಡಬಾರದು. ಟೀವಿಯಲ್ಲಿ ಹುಡುಗ ಓಡ್ತಿರೋದನ್ನು ತೋರಿಸಿದರೆ ನಾವೆಲ್ಲ ವೇಗ ನೋಡ್ತೀವಿ, ಇವರು ಕನ್ನಡಕ ಸರಿಮಾಡಿಕೊಂಡು, ‘ಎಡಗಾಲು ಎಳೀತಾನೆ, ಗಮನಿಸಿದ್ರಾ’ ಅಂತಾರೆ. ಇನ್ನೊಬ್ಬನನ್ನು ನೋಡಿ, ‘ಇವನ ಮೊಣಕಾಲು ಎರಡು ವರ್ಷ ಬಂದ್ರೆ ಹೆಚ್ಚು’ ಅಂತಾರೆ.

ಒಂದು ಸಲ ಮಂಡ್ಯದವರಿಗೆ ತಡೆಯಲಾಗಲಿಲ್ಲ. ‘ಅಲ್ಲ ಸಾರ್, ನಮ್ ಕಡೆ ಎತ್ತು ಕೊಳ್ಳೋಕ್ ಹೋದೋರೂ ಒಂದ್ಸಲ ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ನೀವು ಕಾಲು ಬಿಟ್ಟು ಮ್ಯಾಕೇ ನೋಡಲ್ವಲ್ಲ’ ಅಂದರು.

‘ಹಾಗಾದ್ರೆ ಯಾರನ್ನ ತಗೋಬೇಕು ಡಾಕ್ಟ್ರೇ?’ ಅಂತ ನಾನು ಕೇಳಿದೆ.

‘ನನ್ನ ಕೇಳಿದ್ರೆ ಯಾರನ್ನೂ ತಗೋಬಾರದು. ಈ ಆಟವನ್ನೇ ಆಡಬಾರದು.’

ನಾನು ಬರೆದಿದ್ದ ಹುಡುಗನ ಬಗ್ಗೆ ಅಂತೂ ಹತ್ತು ನಿಮಿಷ ಪಾಠ ಮಾಡಿದರು. ಎರಡೂ ಮೊಣಕಾಲು ಹೋಗಿದೆ, ಇವನನ್ನು ಬುದ್ಧಿ ಇರೋರು ಯಾರೂ ಮುಟ್ಟಲ್ಲ ಅಂದರು. ನನಗೆ ಭಯ ಹತ್ತಿತು. ಡಬ್ಬಿಯಿಂದ ಚೀಟಿ ತೆಗೆದು ಅವನ ಹೆಸರು ಹೊಡೆದುಹಾಕಿ ಬೇರೆಯದು ಬರೆದೆ. ಅರ್ಧ ಗಂಟೆ ಕಳೀತು, ನಮ್ಮ ಟೀಮಿನ ಸರದಿ ಬಂತು. ಆರಿಸಿದ್ದು ನಾನು ಹೊಡೆದುಹಾಕಿದ ಹುಡುಗನನ್ನೇ.

ಮಗಳು ಹೊಡೆದುಹಾಕಿದ ಹೆಸರನ್ನು ಬೆಳಕಿಗೆ ಹಿಡಿದು ಓದಿದಳು. ಬಿದ್ದು ಬಿದ್ದು ನಕ್ಕಳು, ಅದೂ ಇಂಗ್ಲಿಷಿನಲ್ಲೇ. ಆ ಹುಡುಗ ಆಮೇಲೆ ಏಳು ವರ್ಷ ಒಂದು ಮ್ಯಾಚೂ ತಪ್ಪಿಸದೆ ಆಡಿದ. ಮೊಣಕಾಲಿನ ಆಪರೇಷನ್ ಆಗಿದ್ದು ಡಾಕ್ಟರಿಗೆ.

ಅಮ್ಮ ಬಂದಾಗ

ನಮ್ಮಮ್ಮ ಹಾಸನದಿಂದ ಆರು ತಿಂಗಳಿಗೆ ಬಂದಿದ್ದರು. ಮನೆತುಂಬ ಡ್ರಾಫ್ಟು ಡ್ರಾಫ್ಟು ಅಂತ ಓಡಾಡೋದು ನೋಡಿ, ‘ಯಾವ ಬ್ಯಾಂಕಿಂದೋ?’ ಅಂತ ಕೇಳಿದರು.

ಸಿಇಟಿ ಕೌನ್ಸೆಲಿಂಗ್ ಇದ್ದ ಹಾಗೆ ಅಮ್ಮ, ಆದರೆ ಇಲ್ಲಿ ಹುಡುಗರು ಕಾಲೇಜು ಆರಿಸಲ್ಲ, ಟೀಮುಗಳು ಹುಡುಗರನ್ನು ಆರಿಸ್ತವೆ, ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ಟೀಮಿಗೆ ಮೊದಲ ಸರದಿ, ಅಂತ ವಿವರಿಸಿದೆ. ಅಮ್ಮನಿಗೆ ಇದು ಬಹಳ ಹಿಡಿಸಿತು. ‘ಒಳ್ಳೇ ಜನ ಕಣೋ. ಸೋತೋರನ್ನ ಮೊದಲ ಪಂಕ್ತಿಗೆ ಕೂರಿಸ್ತಾರೆ’ ಅಂದರು.

ಅಮ್ಮನೂ ಒಂದು ಚೀಟಿ ಹಾಕಿದರು. ಕಾರ್ಯಕ್ರಮ ಶುರುವಾಗೋ ಮುಂಚೆ ಒಬ್ಬೊಬ್ಬ ಹುಡುಗನ ಮನೆಮಂದಿಯನ್ನೂ ತೋರಿಸ್ತಾರಲ್ಲ, ಅದರಲ್ಲೊಬ್ಬ, ಅಳ್ತಿದ್ದ ತನ್ನ ಅಜ್ಜಿಯ ಕಣ್ಣು ಒರೆಸ್ತಿದ್ದ. ‘ಈ ಹುಡುಗನ್ನ ಬರಿ. ಅಜ್ಜಿನ ನೋಡ್ಕೊಳೋನು ಟೀಮು ನೋಡ್ಕೊಳಲ್ವಾ?’ ಅಂದರು. ಅವನ ಹೆಸರು ನಮ್ಮ ಪಟ್ಟಿಗಳಲ್ಲಿ ಎಲ್ಲೂ ಇರಲಿಲ್ಲ. ಪಾಪ ಅಂತ ಬರೆದು ಹಾಕಿದೆ. ನಮ್ಮ ಟೀಮು ಅವನನ್ನೇ ಆರಿಸಿತು.

ನಾನು ಸೋಫಾದಿಂದ ಹಾರಿದೆ. ನಮ್ಮ ಮನೆಯ ಚೀಟಿ, ನನ್ನ ಕೈಬರಹ, ಆದ್ದರಿಂದ ಪಂದ್ಯ ನನ್ನದೇ ಅಂತ ವಾದಿಸಿದೆ. ಮಗಳು ಒಪ್ಪಲಿಲ್ಲ. ಗೆದ್ದಿದ್ದು ಅಜ್ಜಿ, ಅಜ್ಜಿ ಜೊತೆ ಬೇಕಾದ್ರೆ ಮಾತಾಡ್ತೀನಿ, ನಿನ್ನ ಜೊತೆ ಯಾಕೆ? ಅಂದಳು.

‘ಏನಂತೆ?’ ಅಂದರು ಅಮ್ಮ. ಹೇಳಿದೆ. ಮಾರನೇ ದಿನ ಅಜ್ಜಿ ಮೊಮ್ಮಗಳು ಅಡುಗೆಮನೆ ಬಾಗಿಲು ಹಾಕಿಕೊಂಡು ಅದೇನೋ ಪಿಸುಗುಟ್ಟಿ ನಗ್ತಿದ್ದರು. ನಾನು ಹೋದರೆ ಇಬ್ಬರೂ ಸುಮ್ಮನಾಗೋರು. ಅಮ್ಮ ಈಗಿಲ್ಲ. ಆ ನಗು ನೆನೆಸಿಕೊಂಡರೆ ಇವತ್ತಿಗೂ ಕಣ್ಣು ತುಂಬತ್ತೆ, ಜೊತೆಗೆ ಸ್ವಲ್ಪ ಹೊಟ್ಟೆನೂ ಉರಿಯತ್ತೆ. ಏನು ಮಾತಾಡಿದ್ರಿ ಅಂತ ಅಮ್ಮನನ್ನು ಕೇಳಿದ್ದಕ್ಕೆ, ‘ನಿನ್ನ ಬಗ್ಗೆನೇ. ನಿಂಗ್ಯಾಕೆ?’ ಅಂದಿದ್ದರು.

ಜಾಮೂನಿನ ವರ್ಷ

ಮಗಳು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ನಾನು ಪಣ ತೊಟ್ಟು ಕೂತೆ. ಮೂರು ವಾರ ಆಫೀಸಿನ ಮೀಟಿಂಗುಗಳಲ್ಲೂ ಆಟಗಾರರ ಬಗ್ಗೆಯೇ ಓದು. ಹೆಂಡತಿ, ‘ರೀ, ನೀವು ಕಾಲೇಜಲ್ಲಿ ಇಷ್ಟು ಓದಿದ್ದಿದ್ರೆ ಡಾಕ್ಟರೇ ಆಗ್ತಿದ್ರಿ’ ಅಂದಳು. ಈ ಸಲ ಗೆಲುವು ನನ್ನದೇ ಅಂತ ಬಾಣಲೆ ತುಂಬ ಜಾಮೂನು ಕರಿದೆ.

ಸಂಜೆ ಐದಕ್ಕೆ ಕೂತೆವು. ಆರಾಯ್ತು, ಏಳಾಯ್ತು. ಒಂದೊಂದೇ ಟೀಮು ಬಂತು, ಹೋಯ್ತು. ಕೊನೆಗೆ ಮೊದಲ ಸುತ್ತು ಮುಗೀತು ಅಂತ ಟೀವಿಯವರು ಎದ್ದು ಹೊರಟರು.

‘ನಮ್ಮದು?’ ಅಂದೆ.

ಮಂಡ್ಯದವರು ಬಟ್ಟಲು ಕೆಳಗಿಟ್ಟು, ‘ನಮ್ಮೋರು ಮೊದಲ ಸುತ್ತಿನ ಸರದಿನ ಹೋದ್ ವರ್ಷವೇ ಬ್ಯಾರೆ ಟೀಮಿಗೆ ಬಿಟ್ಕೊಟ್ಟವ್ರಲ್ಲ ಸಾರ್, ಅದ್ರ ಬದ್ಲು ಒಬ್ಬ ಆಟಗಾರನ್ನ ಇಸ್ಕೊಂಡು’ ಅಂದರು. ಡಾಕ್ಟರಿಗೂ ಗೊತ್ತಿತ್ತಂತೆ. ನನ್ನ ಮಗಳಿಗೂ ಗೊತ್ತಿತ್ತಂತೆ. ನಾನು ಹುಡುಗರ ಬಗ್ಗೆ ಓದಿದ್ದೆ, ಸರದಿ ಇದೆಯೋ ಇಲ್ಲವೋ ಅಂತ ನೋಡಿರಲಿಲ್ಲ.

‘ಗೊತ್ತಿದ್ದೂ ಯಾಕ್ರೀ ಒಬ್ಬರೂ ಹೇಳಲಿಲ್ಲ?’ ಅಂತ ರೇಗಿದೆ.

‘ಹೇಳಿದ್ರೆ ನೀವು ಜಾಮೂನು ಮಾಡ್ತಿದ್ರಾ?’ ಅಂದರು ಡಾಕ್ಟರು.

ಮೊನ್ನೆ

ಮಗಳು ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾಳೆ, ಅಲ್ಲೇ ಗೆಳತಿಯರ ಜೊತೆ ಇರ್ತಾಳೆ. ಡ್ರಾಫ್ಟಿಗೆ ಮಾತ್ರ ತಪ್ಪದೆ ಬರ್ತಾಳೆ, ಪ್ರತಿ ವರ್ಷ ಮಾರನೇ ದಿನ ಶುಕ್ರವಾರ ರಜಾ ಹಾಕಿ. ‘ನಾನು ಗೆಲ್ಲಲ್ಲ ಅಂತ ಗೊತ್ತಿದ್ದೂ ಯಾಕೆ ರಜಾ ಹಾಕ್ತೀಯ?’ ಅಂತ ಒಂದು ಸಲ ಕೇಳಿದೆ. ಜಸ್ಟ್ ಇನ್ ಕೇಸ್, ಅಂದಳು.

ಈ ವರ್ಷ ನನಗೆ ಓದೋಕೆ ಉತ್ಸಾಹವಿರಲಿಲ್ಲ. ಚೆಂಡು ಹಿಡಿದು ಓಡೋ ಜಾನ್ಸನ್ ಅಂತ ಒಬ್ಬನ ಬಗ್ಗೆ ಆಫೀಸಿನಲ್ಲಿ ಯಾರೋ ಮಾತಾಡ್ತಿದ್ದರು. ‘ಜಾನ್ಸನ್’ ಅಂತ ಗೀಚಿ ಡಬ್ಬಿಗೆ ಹಾಕಿದೆ. ನಮ್ಮ ಸರದಿ ಬಂತು. ವೇದಿಕೆ ಮೇಲಿಂದ ಕೂಗಿದರು: ಜಾನ್ಸನ್.

ಕೂಗಿದ್ದು ಬೇರೆ ಜಾನ್ಸನ್‌ನನ್ನು. ಇವನು ಗಾರ್ಡು ಅನ್ನೋ ಜಾಗದಲ್ಲಿ ಆಡೋನು. ಬಾಗಿಲಷ್ಟು ಅಗಲ, ಚೆಂಡು ಮುಟ್ಟೋ ಕೆಲಸವೇ ಅವನದಲ್ಲವಂತೆ. ಇಲ್ಲಿ ಜಾನ್ಸನ್ ಅಂದರೆ ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ, ಒಬ್ಬನನ್ನು ಕರೆದರೆ ನಾಲ್ಕು ಜನ ತಿರುಗ್ತಾರೆ.

ಮಂಡ್ಯದವರು ಚೀಟಿ ತಿರುವಿ ಮುರುವಿ ನೋಡಿದರು. ‘ಇನಿಷಿಯಲ್ಲೇ ಹಾಕಿಲ್ವಲ್ಲ ಸಾರ್. ಕರ್ನಾಟಕದಲ್ಲಿ ಹುಟ್ಟಿ ಇನಿಷಿಯಲ್ ಇಲ್ದೆ ಹೆಸರು ಬರೀತಾರಾ ಯಾರಾದ್ರೂ?’

‘ಇನಿಷಿಯಲ್ ಇಲ್ಲ ಅಂದ್ರೆ ಯಾವ ಜಾನ್ಸನ್ ಆದ್ರೂ ನಡೆಯತ್ತೆ’ ಅಂದೆ. ಡಾಕ್ಟರು ತೀರ್ಪು ಮಗಳಿಗೆ ಬಿಟ್ಟರು.

ಅವಳು ನನ್ನ ಎದುರು ಬಂದು ಕೂತಳು. ನಿಜ ಹೇಳು, ನೀನು ಬರೆದಿದ್ದು ಇವನನ್ನೇನಾ? ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಹದಿನಾರು ವರ್ಷದಿಂದ ಕಾದಿದ್ದೆ. ‘ಇವನನ್ನೇ’ ಅಂದೆ.

ಸರಿ, ಹಾಗಾದ್ರೆ ಗಾರ್ಡು ಏನು ಮಾಡ್ತಾನೆ, ಹೇಳು.

ನನಗೆ ಗೊತ್ತಿರಲಿಲ್ಲ. ಪದದ ಅರ್ಥ ಹಿಡಿದುಕೊಂಡು, ‘ಕಾಯ್ತಾನೆ’ ಅಂದೆ.

ಸುಳ್ಳು ಹೇಳ್ತಿದ್ದೀನಿ ಅಂತ ಅವಳಿಗೆ ಗೊತ್ತಾಯ್ತು, ಗೊತ್ತಾಗಿದ್ದು ನನಗೂ ಗೊತ್ತಾಯ್ತು. ಕರೆಕ್ಟ್, ಯೂ ವಿನ್, ಅಂದಳು.

ಶುಕ್ರವಾರ ಬೆಳಗ್ಗೆ ನನ್ನ ಹೊದಿಕೆ ಯಾರೋ ಎಳೆದರು. ‘ಏಳು. ಎಷ್ಟೊತ್ತು ಬಿದ್ಕೊಂಡಿರ್ತೀಯ?’ ಕನ್ನಡ. ನನ್ನ ಮಗಳ ಬಾಯಲ್ಲಿ, ಹಾಸನದ ರಾಗದಲ್ಲಿ. ಧಡಕ್ಕನೆ ಎದ್ದು ಕೂತೆ. ‘ಹಲ್ಲುಜ್ಜು ಹೋಗು’ ಅಂದಳು. ತಿಂಡಿಗೆ ಕೂತರೆ, ‘ಫೋನ್ ಕೆಳಗಿಡು. ನೆಟ್ಟಗೆ ಕೂತ್ಕೊಂಡು ತಿನ್ನು. ತಟ್ಟೆ ಎತ್ತೋರು ಯಾರು?’ ಗ್ರೋಸರಿಗೆ ಹೋದರೆ, ‘ಅದೆಲ್ಲ ಮುಟ್ಬೇಡ. ಸುಮ್ನೆ ಜೊತೇಲಿ ಬಾ.’ ಮಧ್ಯಾಹ್ನ ಸೋಫಾದಲ್ಲಿ ಒರಗಿದರೆ, ‘ಹೊರಗಡೆ ಹೋಗಿ ಓಡಾಡು, ಯಾವಾಗ್ಲೂ ಟೀವಿ ಮುಂದೆನೇ’ ಅಂದಳು. ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನು ಶೂ ಹಾಕಿಕೊಂಡು ವಾಕಿಂಗ್ ಹೊರಟೆ.

ಬಂದಮೇಲೆ ಕೇಳಿದೆ, ‘ಬೈಯೋದು ಬಿಟ್ಟು ಬೇರೇನೂ ಬರಲ್ವಾ ಪುಟ್ಟಿ?’

‘ನೀನು ನಂಗೆ ಕನ್ನಡದಲ್ಲಿ ಹೇಳಿದ್ದೆಲ್ಲ ಇದೇ ಅಪ್ಪ’ ಅಂದಳು.

ಅವಳೇನೂ ಚುಚ್ಚಬೇಕು ಅಂತ ಹೇಳಲಿಲ್ಲ. ಆದರೂ ನನಗೆ ಪಿಚ್ಚೆನಿಸಿತು. ಹೌದಲ್ಲ, ಕನ್ನಡದ ತಮಾಷೆಯನ್ನೆಲ್ಲ ಡಾಕ್ಟರ ಜೊತೆ, ಮಂಡ್ಯದವರ ಜೊತೆ ಮಾಡಿದ್ದೆ. ಕಥೆ, ಪ್ರೀತಿ, ಸಮಾಧಾನ ಎಲ್ಲ ಅವಳಿಗೆ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲೇ ಹೇಳಿದ್ದೆ. ಅವಳ ಪಾಲಿಗೆ ಕನ್ನಡದಲ್ಲಿ ಉಳಿದಿದ್ದು ಏಳು, ಕೂರು, ಮುಟ್ಬೇಡ. ಸಂಜೆ ಅವಳನ್ನು ಟ್ರೈನು ಹತ್ತಿಸಿ ಬಂದೆ. ಕಾದು ಕಾದು ಗೆದ್ದ ದಿನ ಮುಗಿದುಹೋಗಿತ್ತು.

ಶನಿವಾರ ಬೆಳಗ್ಗೆ ಫೋನು ಬಂತು.

‘ಬಿಪಿ ಮಾತ್ರೆ ತಗೊಂಡ್ಯಾ? ವಾಕಿಂಗ್ ಹೋದ್ಯಾ? ನಿಂಗೆ ಎಷ್ಟು ಸಲ ಹೇಳ್ಬೇಕು?’

‘ಪುಟ್ಟಿ, ಪಂದ್ಯ ನಿನ್ನೆಗೇ ಮುಗೀತಲ್ಲ’ ಅಂದೆ.

‘ಗೊತ್ತು. ಎರಡು ವರ್ಷದಿಂದ ಇಂಗ್ಲಿಷಲ್ಲಿ ಹೇಳ್ದೆ, ವಾಕಿಂಗ್ ಹೋಗು ಅಂತ. ನೀನು ಕೇಳಲಿಲ್ಲ. ನಿನ್ನೆ ಒಂದೇ ಸಲ ಕನ್ನಡದಲ್ಲಿ ಬೈದೆ, ನೀನು ಶೂ ಹಾಕ್ಕೊಂಡೆ. ಇನ್ಮೇಲೆ ಹಿಂಗೇನೆ.’

ಅಡುಗೆಮನೆಯಿಂದ ಹೆಂಡತಿ, ‘ಯಾರ್ರೀ ಅದು? ಏನಂತೆ?’ ಅಂತ ಕೇಳಿದಳು.

‘ನಿನ್ನ ಮಗಳು. ಬೈತಿದ್ದಾಳೆ’ ಅಂದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಫೋನಿಗೆ ಹೇಳಿದೆ, ‘ಮಾತ್ರೆನೂ ತಗೊಂಡಿಲ್ಲ ಪುಟ್ಟಿ. ಇನ್ನೂ ಸ್ವಲ್ಪ ಬೈ.’