ಚೇರ್ಮನ್ನರ ಅಂಗೈ

ಒಲೆಯೊಳಗಿನ ಒಂದು ಹಿಡಿ ಬೂದಿಯಿಂದ ಭೀಮಸಿಯ ಅವತ್ತಿನ ದಿನ ಕೆಟ್ಟಿತು.

ಭೀಮಸಿ ರಾಯಬಾಗದ ದನದ ಪೇಟೆಯ ದಲಾಲಿ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಕೈಹಿಡಿದು ಬೆರಳು ಒತ್ತುತ್ತಾರೆ. ಸುಳ್ಳನ ಅಂಗೈ ಬೆವರುತ್ತದೆ ಎಂಬುದು ಪೇಟೆಯವರ ನಂಬಿಕೆ. ಭೀಮಸಿಯ ಅಂಗೈ ಎಂದೂ ಬೆವರಿದ್ದಿಲ್ಲ. ಮನೆ ಬಿಡುವ ಮುಂಚೆ ಅವನು ಬೂದಿ ತಿಕ್ಕಿಕೊಳ್ಳುವುದು ಹೆಂಡತಿ ತಾರವ್ವನಿಗೆ ಮಾತ್ರ ಗೊತ್ತು.

"ಬೂದಿ ಬಳಕೊಂಡ್ರಿ? ಇವತ್ತ ಯಾರ ನಸೀಬಾ ಖೊಟ್ಟಿ ಐತೋ!" ಎಂದಳು.

ನಸೀಬು ಖೊಟ್ಟಿಯಾದದ್ದು ತೆಲಸಂಗದ ಕಾಡಸಿದ್ದನದು. ಭೀಮಸಿಯ ಮನೆಯ ಎತ್ತು ಮದುವೆಗೆ ಬಂದ ಬೀಗರ ಹಾಗೆ ಕಂಡಕಂಡಲ್ಲಿ ಕೂತುಬಿಡುತ್ತಿತ್ತು. ಭೀಮಸಿ ಅದನ್ನೇ ಪೇಟೆಯಲ್ಲಿ ಕಾಡಸಿದ್ದನ ಮುಂದೆ ನಿಲ್ಲಿಸಿದ.

"ಕುಂಡ್ರೂದು ಅಂದ್ರ ಏನಂತ ಇದಕ್ಕ ಗೊತ್ತಿಲ್ಲೋ ಮಾರಾಯ. ನಮ್ಮವ್ವನಾಣಿ!"

ಕಾಡಸಿದ್ದ ಟವೆಲ್ಲಿನೊಳಗೆ ಅಂಗೈ ಸವರಿ ನೋಡಿದ. ಒಣಒಣ. ರೊಕ್ಕ ಕೊಟ್ಟು ಎತ್ತನ್ನು ಬಂಡಿಗೆ ಕಟ್ಟಿಕೊಂಡು ಹೋದ.

ಅಷ್ಟರಲ್ಲಿ ಭೀಮಸಿಯ ಓಣಿಯವನೇ ಆದ ದ್ರಾಕ್ಷಿ ತೋಟದ ಅಣ್ಣಾಸಾಬ ಬೈಕ್ ಗಾಡಿಯ ಮೇಲೆ ದಡದಡ ಬಂದ. "ಭೀಮಸಿ, ಲಗೂನ ಏರು! ಪುಣೆದಿಂದ ಕಂಪ್ಯೂಟರ್ ಕಂಪನಿ ಚೇರ್ಮನ್ ಬಂದಾನ, ಶೇರ್ ಮಾರಾಕತ್ತಾನ. ಕಂಪ್ಯೂಟರ್ ನಮಗೇನ ತಿಳಿತೈತಿ? ಮನಷ್ಯಾ ಹೆಂಗದಾನ ನೋಡಿ ಹೇಳು. ನೀ ಹೂಂ ಅಂದ್ರ ಇಡೀ ಓಣಿ ರೊಕ್ಕ ಹಾಕತೈತಿ."

ಭೀಮಸಿಯ ಮಾತನ್ನು ನಂಬದವರೂ ಅವನ ಕಣ್ಣನ್ನು ನಂಬುತ್ತಿದ್ದರು.

ಕಲ್ಯಾಣ ಮಂಟಪದಲ್ಲಿ ಸಫಾರಿ ತೊಟ್ಟ ಚೇರ್ಮನ್ ಹೊಸ ಪಾತ್ರೆಯಂತೆ ಹೊಳೆಯುತ್ತಿದ್ದ. ಭೀಮಸಿ ಅವನ ಸುತ್ತ ಒಂದು ಸುತ್ತು ಹಾಕಿದ. ಹಿಂಗತ್ತಿನಲ್ಲಿ ಕೆಟ್ಟ ಸುಳಿ ಇದೆಯೇ ಎಂದು ಬಗ್ಗಿ ನೋಡಿದ. ಒಂದು ಚಾಷ್ಟಿ ಮಾಡಿ ನಗಿಸಿ ಹಲ್ಲು ಎಣಿಸಿದ.

"ಸಾಹೇಬ್ರ, ಆ ಕಿಡಕಿತನಾ ಒಂದೀಟ ನಡದು ಬರ್ರಿ."

ಇದು ಈ ಕಡೆಯ ಮರ್ಯಾದೆಯ ಪದ್ಧತಿಯೆಂದುಕೊಂಡ ಚೇರ್ಮನ್ ಕಿಟಕಿಯವರೆಗೆ ನಡೆದೇ ಬಂದ.

"ಹಿಂದಿನ ಕಾಲು ಗಟ್ಟಿ ಅದಾವು," ಎಂದ ಭೀಮಸಿ.

"ಲೇ, ಅವಗ ಇರೂವ ಎರಡು!" ಅಣ್ಣಾಸಾಬ ತಿವಿದ.

ಕೊನೆಗೆ ಭೀಮಸಿ ಹೆಗಲ ಟವೆಲ್ ತೆಗೆದು ಚೇರ್ಮನ್ನನ ಕೈಮೇಲೆ ಹಾಕಿ ಒಳಗಿನಿಂದ ಅಂಗೈ ಹಿಡಿದ. ಸಭೆ ಕತ್ತು ಚಾಚಿತು.

"ಖರೇ ಹೇಳ್ರಿ. ಕಂಪನಿ ನಡೀತೈತೇನ?"

"ನಡ್ಯೂದೇನ್ರಿ, ಏಕದಮ್ ಹಾರತೈತಿ! ಆಯೀಚಿ ಶಪಥ್!" ಎಂದು ಚೇರ್ಮನ್ ಮರಾಠಿಯಲ್ಲಿ ತಾಯಾಣೆ ಇಟ್ಟ.

ಅಂಗೈ ಬಿಸಿಲಿಗಿಟ್ಟ ಹಂಚಿನಂತೆ ಒಣಗಿತ್ತು.

"ಹೂಂ! ಹಾಕ್ರೋ!" ಎಂದ ಭೀಮಸಿ. ಓಣಿಯೆಲ್ಲ ಮುಗಿಬಿದ್ದಿತು. ಎಲ್ಲರಿಗಿಂತ ಮೊದಲು ಎತ್ತಿನ ರೊಕ್ಕವನ್ನಷ್ಟೂ ಸುರಿದವನು ಅವನೇ. ಚೇರ್ಮನ್ ಕೈಮುಗಿದು ಕಾರು ಹತ್ತಿದ.

ಹೊರಗೆ ಬಂದರೆ ದೂರದಲ್ಲಿ ರೈಲು ಒಂದೇ ಸಮನೆ ಕೂಗುತ್ತಿತ್ತು. ಕಾಡಸಿದ್ದ ಚಾಬೂಕು ಹಿಡಿದು ಓಡಿ ಬರುತ್ತಿದ್ದ.

"ಲೇ ದಲಾಲಿ! ನಿನ್ನ ಎತ್ತು ರೈಲ್ವೆ ಗೇಟಿನಾಗ ಹಳಿ ಮ್ಯಾಲೆ ಕುಂತೈತಿ! ಮಿರಜ ಗಾಡಿ ನಿಂತೈತಿ! ಡ್ರೈವರ್ ನನಗ ಬೈಯಾಕತ್ತಾನ! ತಗಿ ನನ್ನ ರೊಕ್ಕಾ!"

ಭೀಮಸಿಗೆ ಹಣೆಯಲ್ಲಿ ಬೆವರೊಡೆಯಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೊಡೆಯಲು ಎತ್ತಿದ ಕಾಡಸಿದ್ದನ ಕೈ ಅಲ್ಲೇ ನಿಂತಿತು.

"ಏನಲೇ, ಮಾರಿಗೆ ಪೌಡರ್ ಬಡಕೊಂಡಿ? ಎರಡನೇ ಲಗ್ನಕ್ಕ ಹೊಂಟೀಯೇನ?"

ಭೀಮಸಿ ಟವೆಲ್ ಬಿಡಿಸಿ ನೋಡಿದ. ಒಂದು ಬದಿಗೆ ಅವನ ಒಲೆಯ ಬೂದಿ. ಅದರ ಪಕ್ಕದಲ್ಲೇ ಐದು ಬೆಳ್ಳನೆಯ ಬೆರಳ ಗುರುತು, ಘಮಘಮ ಮಲ್ಲಿಗೆ ಪೌಡರಿನ ವಾಸನೆ.

ರಸ್ತೆಯಲ್ಲಿ ಕಾರಿನ ಧೂಳು ಮಾತ್ರ ಉಳಿದಿತ್ತು. ಭೀಮಸಿ ತನ್ನ ಎತ್ತಿನ ಹಾಗೆಯೇ ನಡುರಸ್ತೆಯಲ್ಲಿ ಕುಸಿದು ಕುಳಿತ.

ಅಣ್ಣಾಸಾಬ ಶೇರಿನ ಪಾವತಿ ಚೀಟಿ ಕಿಸೆಗೆ ಇಡುತ್ತ ಬಂದ. "ಯಾಕೋ, ಹಿಂಗ್ಯಾಕ ಕುಂತಿ? ಮನಷ್ಯಾ ಚಲೋನ ಅದಾನ ಹೌದಿಲ್ಲೋ?"

"ಚಲೋ ಅದಾನೋ ಅಣ್ಣಾಸಾಬ," ಭೀಮಸಿ ತಲೆ ಎತ್ತಲಿಲ್ಲ. "ಥೇಟ್ ನನ್ನಂಗ ಅದಾನು."

ಅಣ್ಣಾಸಾಬ ಹುಟ್ಟಿದಾಗಿನಿಂದ ಭೀಮಸಿಯನ್ನು ಬಲ್ಲವನು. ಗಾಡಿಯ ನೆನಪೂ ಆಗದೆ, ಚಪ್ಪಲಿ ಅಲ್ಲೇ ಬಿಟ್ಟು, ಧೂಳಿನ ಹಿಂದೆ ಓಡತೊಡಗಿದ.